ವಿಚ್ಛೇದನದ ನಂತರ ಅವ್ವನ ಪಿಂಚಣಿ: ಯಾವ ಕಾಗದ ಮೊದಲು, ಯಾವುದು ಆಮೇಲೆ

ಉದ್ಯಮಬಾಗದ ಕಾರ್ಖಾನೆಯಲ್ಲಿ ಐದಾರು ವರ್ಷ, ಆಮೇಲೆ ಖಾಸಗಿ ಆಸ್ಪತ್ರೆಯಲ್ಲಿ ಆಯಾ ಕೆಲಸ, ಕೊನೆಗೆ ಯಾವುದೋ ಗುತ್ತಿಗೆದಾರರ ಕೈಕೆಳಗೆ ಹೌಸ್‌ಕೀಪಿಂಗ್. ನಡುವೆ ವಿಚ್ಛೇದನ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ದುಡಿದ ಎಷ್ಟೋ ತಾಯಂದಿರ ದಾಖಲೆ ಹೀಗೇ ಚದುರಿರುತ್ತದೆ. ಅವ್ವನಿಗೆ ಐವತ್ತೈದು ದಾಟಿದಾಗ ಮಕ್ಕಳಿಗೆ ಬರುವ ಮೊದಲ ಯೋಚನೆ, ಇವನ್ನೆಲ್ಲ ಒಂದು ಮಾಡಿಬಿಡೋಣ ಎಂದು.

ಭವಿಷ್ಯನಿಧಿಯ (ಪಿಎಫ್) ಪಿಂಚಣಿ, ಅಂದರೆ ಇಪಿಎಸ್, ಒಂದರಲ್ಲಿ ಬೇರೆ ಬೇರೆ ಕಡೆ ದುಡಿದ ಸೇವೆಯನ್ನು ಜೋಡಿಸಬಹುದು. ಅದನ್ನು ಬಿಟ್ಟರೆ ನಮ್ಮಲ್ಲಿ ಯಾವ ಪಿಂಚಣಿಯೂ ಇನ್ನೊಂದರ ಜೊತೆ ಸೇರುವುದಿಲ್ಲ. ಸರ್ಕಾರಿ ಪಿಂಚಣಿ ಅದರ ಪಾಡಿಗೆ, ಕುಟುಂಬ ಪಿಂಚಣಿ ಅದರ ಪಾಡಿಗೆ, ನಾಡಕಚೇರಿಯ ಮಾಸಾಶನ ಅದರ ಪಾಡಿಗೆ. ಆದರೆ ಎಲ್ಲಕ್ಕೂ ಬೇಕಾದ ಮೂರು ವಸ್ತು ಒಂದೇ: ನ್ಯಾಯಾಲಯದ ಡಿಕ್ರಿ (ವಿಚ್ಛೇದನದ ಆದೇಶ), ಒಂದೇ ರೀತಿ ಬರೆದ ಹೆಸರು, ಅವ್ವನೊಬ್ಬಳ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆ. ಈ ಮೂರನ್ನು ಮೊದಲು ಸರಿಮಾಡಿಕೊಂಡವರ ಅರ್ಜಿ ಸಲೀಸಾಗಿ ಹೋಗುತ್ತದೆ. ಇದನ್ನು ಬಿಟ್ಟು ನೇರವಾಗಿ ಪಿಂಚಣಿ ಅರ್ಜಿ ಹಾಕಿದವರು ತಿರಸ್ಕೃತ ಅರ್ಜಿ ಹಿಡಿದುಕೊಂಡು ಮತ್ತೆ ಇಲ್ಲಿಗೇ ಬರುತ್ತಾರೆ.

ಮೊದಲ ಹೆಜ್ಜೆ: ಡಿಕ್ರಿಯ ದೃಢೀಕೃತ ನಕಲು

ಹಿರಿಯರು ಕೂತು ಬಗೆಹರಿಸಿ ಬಾಂಡ್ ಪೇಪರ್ ಮೇಲೆ ಬರೆಸಿದ ಸೋಡಚೀಟಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಡೆಯುತ್ತದೆ. ಪಿಂಚಣಿ ಕಚೇರಿಯಲ್ಲಿ ಅದು ನಡೆಯುವುದಿಲ್ಲ. ನೋಟರಿ ಮೊಹರು ಇದ್ದರೂ ಅಷ್ಟೇ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಗತ ವಿಚ್ಛೇದನಕ್ಕೆ ಜಾಗ ಕೊಟ್ಟಿದೆ ನಿಜ, ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಇದೆ ಎಂದು ನ್ಯಾಯಾಲಯದಲ್ಲೇ ರುಜುವಾತು ಮಾಡಬೇಕು. ಅಂಥ ಆದೇಶ ಇಲ್ಲದಿದ್ದರೆ ದಾಖಲೆಯ ಪ್ರಕಾರ ಅವ್ವ ಇನ್ನೂ ವಿವಾಹಿತೆ. ಫಾರ್ಮ್‌ನಲ್ಲಿ ‘ವಿಚ್ಛೇದಿತೆ’ ಎಂದು ಬರೆಯುವುದು ತಪ್ಪು ಹೇಳಿಕೆಯಾಗುತ್ತದೆ.

ಡಿಕ್ರಿ ಆಗಿದ್ದರೆ, ಅದನ್ನು ಕೊಟ್ಟ ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆಸಿ. ಎರಡಾದರೂ ಇರಲಿ. ಒಂದು ಯಾವುದಾದರೂ ಕಚೇರಿಯ ಫೈಲಿನಲ್ಲಿ ಉಳಿದುಹೋಗುತ್ತದೆ. ಪ್ರಕರಣ ಮೇಲ್ಮನವಿಗೆ ಹೋಗಿದ್ದರೆ ಅದರ ಅಂತಿಮ ಆದೇಶವೂ ಬೇಕು. ಬೆಳಗಾವಿ, ಬಾಗಲಕೋಟೆಯ ಪ್ರಕರಣಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರದವು ಕಲಬುರಗಿ ಪೀಠಕ್ಕೆ ಹೋಗುತ್ತವೆ. ಹುಡುಕುವಾಗ ಇದು ನೆನಪಿರಲಿ. ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರದ ನ್ಯಾಯಾಲಯದಲ್ಲಿ ಆದ ಡಿಕ್ರಿ ಮರಾಠಿಯಲ್ಲಿದ್ದರೆ ಕನ್ನಡ ಅಥವಾ ಇಂಗ್ಲಿಷ್ ಅನುವಾದವನ್ನು ನೋಟರಿ ಮಾಡಿಸಿ ಜೊತೆಗಿಡಿ.

ಇನ್ನೊಂದು ಗೊಂದಲ: ನ್ಯಾಯಿಕ ಪ್ರತ್ಯೇಕ ವಾಸದ ಆದೇಶವನ್ನೇ ವಿಚ್ಛೇದನ ಎಂದು ಎಷ್ಟೋ ಮನೆಗಳಲ್ಲಿ ತಿಳಿದಿರುತ್ತಾರೆ. ಅದರಲ್ಲಿ ಮದುವೆ ಮುರಿದಿರುವುದಿಲ್ಲ. ಹಾಗಾಗಿ ಗಂಡ ತೀರಿಕೊಂಡಾಗ ಹೆಂಡತಿಯಾಗಿ ಕುಟುಂಬ ಪಿಂಚಣಿ ಕೇಳುವ ದಾರಿ ಇರುತ್ತದೆ. ಆದೇಶದ ಕೊನೆಯ ಪುಟ ಓದಿ, ಎರಡರಲ್ಲಿ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100. ಓದಿ ಹೇಳಲು ವಕೀಲರಿಗೆ ದುಡ್ಡು ಕೊಡಬೇಕಿಲ್ಲ.

ಬ್ಯಾಂಕು ಮತ್ತು ಮೊಬೈಲ್

ಗಂಡನ ಜೊತೆಗಿನ ಜಂಟಿ ಖಾತೆ ಇನ್ನೂ ಜೀವಂತ ಇದೆಯೇ ನೋಡಿ. ‘ಇಬ್ಬರಲ್ಲಿ ಯಾರಾದರೂ’ ಎಂಬ ಷರತ್ತಿನ ಖಾತೆಗೆ ಪಿಂಚಣಿ ಬಿದ್ದರೆ ಮಾಜಿ ಗಂಡ ಎಟಿಎಂನಿಂದ ತೆಗೆದರೂ ಬ್ಯಾಂಕಿನವರು ಏನೂ ಮಾಡಲಾರರು. ಅವ್ವನ ಒಂಟಿ ಹೆಸರಿನಲ್ಲಿ ಹೊಸ ಉಳಿತಾಯ ಖಾತೆ ತೆರೆಸಿ, ಮಗ ಅಥವಾ ಮಗಳನ್ನು ನಾಮಿನಿ ಮಾಡಿ. ಮಗನನ್ನು ಜಂಟಿ ಖಾತೆದಾರ ಮಾಡಬೇಡಿ. ಪಿಂಚಣಿಗೆ ಗಂಡ-ಹೆಂಡತಿಯ ಜಂಟಿ ಖಾತೆಗಷ್ಟೇ ಸಾಮಾನ್ಯವಾಗಿ ಒಪ್ಪಿಗೆ ಇರುತ್ತದೆ.

ಖಾತೆ ತೆರೆದ ಮೇಲೆ ಆಧಾರ್ ಜೋಡಿಸಿ. ಅದು ಸಾಲದು, ನೇರ ನಗದು ವರ್ಗಾವಣೆಗೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ನಮೂದು, ಕೂಡ ಹೊಸ ಬ್ಯಾಂಕಿಗೇ ಆಗಬೇಕು ಎಂದು ಅರ್ಜಿಯಲ್ಲಿ ಬರೆದುಕೊಡಿ. ಆಧಾರ್ ಆಧಾರಿತ ಹಣ ಕೊನೆಯದಾಗಿ ಮ್ಯಾಪ್ ಆದ ಒಂದೇ ಬ್ಯಾಂಕಿಗೆ ಹೋಗುತ್ತದೆ. ‘ಮಾಸಾಶನ ಮಂಜೂರಾಗಿದೆ, ಖಾತೆಗೆ ಬಂದಿಲ್ಲ’ ಎನ್ನುವ ದೂರುಗಳಲ್ಲಿ ಹೆಚ್ಚಿನವು ಹಣ ಎಂದೋ ಮರೆತುಹೋದ ಹಳೆಯ ಖಾತೆಗೆ ಬಿದ್ದಿರುವ ಪ್ರಕರಣಗಳೇ.

ಮೊಬೈಲ್ ಸಂಖ್ಯೆಯ ಮಾತು ಇದಕ್ಕಿಂತ ದೊಡ್ಡದು. ಅವ್ವನ ಆಧಾರ್‌ಗೆ ಜೋಡಿಸಿರುವುದು ಬಹಳ ಸಲ ಗಂಡನ ನಂಬರೇ ಆಗಿರುತ್ತದೆ, ಮನೆಯಲ್ಲಿ ಆಗ ಇದ್ದದ್ದು ಅದೊಂದೇ ಫೋನು. ಭವಿಷ್ಯನಿಧಿಯ ಪ್ರತಿ ಕೆಲಸಕ್ಕೂ ಆಧಾರ್ ಒಟಿಪಿ ಬೇಕು. ಆ ಒಟಿಪಿ ಅವರ ಫೋನಿಗೆ ಹೋದರೆ ಕೆಲಸ ಅಲ್ಲೇ ನಿಂತಿತು. ಆಧಾರ್ ಸೇವಾ ಕೇಂದ್ರಕ್ಕೆ ಅವ್ವನನ್ನೇ ಕರೆದುಕೊಂಡು ಹೋಗಿ ನಂಬರ್ ಬದಲಿಸಿ. ಅಲ್ಲೇ ವಿಳಾಸದ ಸಾಲಿನಲ್ಲಿ ‘ಕೇರ್ ಆಫ್’ ಎಂದು ಗಂಡನ ಹೆಸರಿದ್ದರೆ ತೆಗೆಸಿ. ಆಧಾರ್‌ನಲ್ಲಿ ಸಂಬಂಧಿಕರ ಹೆಸರು ಕಡ್ಡಾಯವಲ್ಲ.

ಹೆಸರು: ಬದಲಿಸುವ ಮುನ್ನ ಎರಡು ಸಲ ಯೋಚಿಸಿ

ನಮ್ಮ ಕಡೆ ಹೆಸರು ಬರೆಯುವ ಪದ್ಧತಿಯಲ್ಲೇ ತೊಡಕಿದೆ. ತವರಿನಲ್ಲಿ ‘ಶಾಂತವ್ವ ಬಸಪ್ಪ ಹೊಸಮನಿ’, ಮದುವೆಯಾದ ಮೇಲೆ ‘ಶಾಂತಾ ಮಲ್ಲಪ್ಪ ಕುಂಬಾರ’, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ‘ಶಾಂತಾಬಾಯಿ ಎಂ. ಕುಂಬಾರ’. ಕಂಪ್ಯೂಟರಿಗೆ ಇವರು ಮೂರು ಜನ. ವಿಚ್ಛೇದನವಾದ ಕೂಡಲೇ ತವರಿನ ಹೆಸರಿಗೆ ಮರಳುವ ಆಸೆ ಸಹಜ. ಆದರೆ ಪಿಂಚಣಿ ಮಂಜೂರಾಗುವವರೆಗೆ ಬೇಡ ಎಂಬುದೇ ನಮ್ಮ ಸಲಹೆ. ವಿಚ್ಛೇದನವಾದರೆ ಹೆಸರು ಬದಲಿಸಲೇಬೇಕು ಎಂದು ಯಾವ ನಿಯಮವೂ ಇಲ್ಲ, ಡಿಕ್ರಿಯೇ ಸಾಕು. ದುಡಿಮೆಯ ದಾಖಲೆಗಳಲ್ಲಿ ಯಾವ ಹೆಸರು ಹೆಚ್ಚು ಕಡೆ ಇದೆಯೋ ಆಧಾರ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಆ ಹೆಸರಿಗೆ ತನ್ನಿ. ಪ್ಯಾನ್‌ನಲ್ಲಿ ಗಂಡನ ಹೆಸರು ಬರುವುದೇ ಇಲ್ಲ, ಅಲ್ಲಿ ಇರುವುದು ತಂದೆ ಅಥವಾ ತಾಯಿಯ ಹೆಸರು. ಹಾಗಾಗಿ ಅದೊಂದು ತಲೆನೋವು ಕಡಿಮೆ.

ಹುಟ್ಟಿದ ದಿನಾಂಕವನ್ನೂ ಹೊಂದಿಸಿ ನೋಡಿ. ಹಳೆಯ ದಾಖಲೆಗಳಲ್ಲಿ ‘ಜೂನ್ 1’ ಎಂದು ಇರುವವರು ಲೆಕ್ಕವಿಲ್ಲದಷ್ಟು ಜನ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ದಿನಾಂಕ ಅದು. ಶಾಲೆಯ ದಾಖಲೆಗೂ ಆಧಾರ್‌ಗೂ ಒಂದು ವರ್ಷ ವ್ಯತ್ಯಾಸವಿದ್ದರೆ 58 ತುಂಬುವ ತಾರೀಕೇ ಬದಲಾಗುತ್ತದೆ.

ಇಪಿಎಸ್: ಚೂರು ಚೂರಾದ ಸೇವೆ ಜೋಡಿಸುವುದು

1995ರ ನವೆಂಬರ್ 16ರಂದು ಜಾರಿಗೆ ಬಂದ ಈ ಯೋಜನೆಯಲ್ಲಿ ಪಿಂಚಣಿ ಬರಬೇಕಾದರೆ ಕನಿಷ್ಠ 10 ವರ್ಷ ಸೇವೆ ಬೇಕು. ಆರು ತಿಂಗಳು ಮತ್ತು ಅದಕ್ಕಿಂತ ಹೆಚ್ಚಿನ ತುಂಡನ್ನು ಒಂದು ವರ್ಷವೆಂದೇ ಹಿಡಿಯುತ್ತಾರೆ. ಹಾಗಾಗಿ ಒಂಬತ್ತೂವರೆ ವರ್ಷ ದುಡಿದವರಿಗೂ ಹಕ್ಕಿದೆ. ಆದರೆ ಆರು ವರ್ಷ ಒಂದು ಕಡೆ, ಎಂಟು ವರ್ಷ ಇನ್ನೊಂದು ಕಡೆ ಎಂದು ಬೇರೆ ಬೇರೆ ಖಾತೆಗಳಲ್ಲಿ ಬಿದ್ದಿದ್ದರೆ ಎರಡರಲ್ಲೂ ಹತ್ತು ತುಂಬುವುದಿಲ್ಲ. ಜೋಡಿಸಿದರೆ ಹದಿನಾಲ್ಕು.

ಲೆಕ್ಕ ಹೀಗೆ: ಪಿಂಚಣಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಪಿಂಚಣಿ ವೇತನವೆಂದರೆ ಕೊನೆಯ 60 ತಿಂಗಳ ಸರಾಸರಿ. ಅದಕ್ಕೆ 2014ರ ಸೆಪ್ಟೆಂಬರ್ 1ಕ್ಕಿಂತ ಹಿಂದಿನ ಸೇವೆಗೆ ₹6,500, ಅದರ ನಂತರದ್ದಕ್ಕೆ ₹15,000 ಮಿತಿ. ಮೇಲಿನ ಉದಾಹರಣೆಯಲ್ಲಿ ಮೊದಲ ಆರು ವರ್ಷ 2014ರ ಆಗಸ್ಟ್‌ಗೆ ಮುಗಿದು, ಉಳಿದ ಎಂಟು ವರ್ಷ ಅದರ ನಂತರದ್ದು, ಸಂಬಳ ಮಿತಿ ಮುಟ್ಟಿತ್ತು ಎಂದಿಟ್ಟುಕೊಳ್ಳಿ. 6,500ರ ಆರು ಪಟ್ಟು 39,000, 15,000ದ ಎಂಟು ಪಟ್ಟು 1,20,000, ಕೂಡಿದರೆ 1,59,000. ಎಪ್ಪತ್ತರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು ₹2,271. ದೊಡ್ಡ ಮೊತ್ತವೇನಲ್ಲ, ಆದರೆ ಅವ್ವ ಇರುವವರೆಗೂ ಬರುತ್ತದೆ. ಜೋಡಿಸದಿದ್ದರೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ.

ಜೋಡಿಸುವ ಕ್ರಮ:

ಹಳೆಯ ಪಿಎಫ್ ಸಂಖ್ಯೆಗಳನ್ನು ಹುಡುಕಿ. ಸಂಬಳದ ಚೀಟಿ, ವರ್ಷಕ್ಕೊಮ್ಮೆ ಕೊಡುತ್ತಿದ್ದ ಪಿಎಫ್ ಸ್ಲಿಪ್, ಕೆಲಸ ಬಿಟ್ಟಾಗಿನ ಪತ್ರ, ಎಲ್ಲಿಯಾದರೂ ಸಿಗುತ್ತದೆ. ಸಂಖ್ಯೆ ಮೊದಲಾಗುವ ಅಕ್ಷರಗಳು ಯಾವ ಪ್ರಾದೇಶಿಕ ಕಚೇರಿಗೆ ಸೇರಿದ್ದು ಎಂದು ಹೇಳುತ್ತವೆ. ಇಚಲಕರಂಜಿಯ ಗಿರಣಿಯಲ್ಲಿ ದುಡಿದವರ ಖಾತೆ ಮಹಾರಾಷ್ಟ್ರದ ಕಚೇರಿಯಲ್ಲಿರುತ್ತದೆ, ಅದನ್ನು ಹುಬ್ಬಳ್ಳಿಯಲ್ಲಿ ಹುಡುಕಿದರೆ ಸಿಗದು.

ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸದಸ್ಯರ ಸಂಖ್ಯೆ, ಒಂದೇ ಇರಬೇಕು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಯುಎಎನ್ ಮಾಡಿಸಿದ್ದುಂಟು. ಈಗ ಆಧಾರ್ ಜೋಡಣೆಯಾಗಿರುವ ಯುಎಎನ್ ಉಳಿಸಿಕೊಂಡು, ಬಾಕಿಯ ಸದಸ್ಯ ಸಂಖ್ಯೆಗಳನ್ನು ‘ಒಬ್ಬ ಸದಸ್ಯ, ಒಂದೇ ಇಪಿಎಫ್ ಖಾತೆ’ ಎಂಬ ಆನ್‌ಲೈನ್ ವರ್ಗಾವಣೆಯಲ್ಲಿ, ಅಂದರೆ ಫಾರ್ಮ್ 13ರಲ್ಲಿ, ಇದಕ್ಕೆ ತನ್ನಿ.

ವರ್ಗಾವಣೆಗೆ ಮುನ್ನ ಸೇವಾ ಇತಿಹಾಸದ ಪುಟ ತೆರೆದು ಪ್ರತಿ ಕೆಲಸಕ್ಕೂ ಸೇರಿದ ದಿನಾಂಕ, ಬಿಟ್ಟ ದಿನಾಂಕ ಎರಡೂ ಇವೆಯೇ ನೋಡಿ. ಬಿಟ್ಟ ದಿನಾಂಕ ಖಾಲಿ ಇದ್ದರೆ ಅರ್ಜಿ ಮುಂದೆ ಹೋಗದು. ಹೆಸರು, ಹುಟ್ಟಿದ ದಿನ, ವೈವಾಹಿಕ ಸ್ಥಿತಿ, ಸೇವೆಯ ದಿನಾಂಕ ಇವುಗಳ ತಿದ್ದುಪಡಿಗೆ ಜಂಟಿ ಘೋಷಣೆ, ಅಂದರೆ ಜಾಯಿಂಟ್ ಡಿಕ್ಲರೇಷನ್, ಎಂಬ ದಾರಿ ಇದೆ. 2017ರ ಅಕ್ಟೋಬರ್ 1ರಿಂದ ಈಚೆಗೆ, ಆಧಾರ್ ಪರಿಶೀಲನೆಯೊಂದಿಗೆ ಕೊಟ್ಟ ಯುಎಎನ್ ಆಗಿದ್ದರೆ ಎಷ್ಟೋ ತಿದ್ದುಪಡಿಗಳನ್ನು ಸದಸ್ಯರೇ ಮಾಡಿಕೊಳ್ಳಬಹುದು. ಅದಕ್ಕಿಂತ ಹಳೆಯದಾದರೆ ಮಾಲೀಕರ ಒಪ್ಪಿಗೆ ಬೇಕು. ಕಾರ್ಖಾನೆಯೇ ಮುಚ್ಚಿದ್ದರೆ ಕಾಗದದ ಮೇಲಿನ ಜಂಟಿ ಘೋಷಣೆಗೆ ಗೆಜೆಟೆಡ್ ಅಧಿಕಾರಿಯಂಥ ಅಧಿಕೃತರ ಸಹಿ ಹಾಕಿಸಿ, ಪಿಎಫ್ ಕಚೇರಿಯ ಸಾರ್ವಜನಿಕ ಸಂಪರ್ಕ ಕೌಂಟರಿನಲ್ಲಿ ಕೊಡಿ. ‘ವಿವಾಹಿತೆ’ ಎಂಬುದನ್ನು ‘ವಿಚ್ಛೇದಿತೆ’ ಎಂದು ಬದಲಿಸುವ ಕೆಲಸವನ್ನೂ ಇದೇ ಅರ್ಜಿಯಲ್ಲಿ ಮುಗಿಸಿಬಿಡಿ. ಆಮೇಲೆ ಎಂದು ಬಿಟ್ಟರೆ ಪಿಂಚಣಿ ಅರ್ಜಿಯ ಹೊತ್ತಿಗೆ ಮತ್ತೆ ಎದುರಾಗುತ್ತದೆ.

ವರ್ಗಾವಣೆಯಾದ ಮೇಲೆ ಪಾಸ್‌ಬುಕ್ ನೋಡಿ ಗಾಬರಿಯಾಗಬೇಡಿ. ಭವಿಷ್ಯನಿಧಿಯ ಹಣ ಬಂದಿರುತ್ತದೆ, ಪಿಂಚಣಿ ಕಾಲಂನಲ್ಲಿ ಮಾತ್ರ ಸೊನ್ನೆ. ಪಿಂಚಣಿ ನಿಧಿಯ ಹಣ ಖಾತೆಯಿಂದ ಖಾತೆಗೆ ಹೋಗುವುದಿಲ್ಲ, ಸೇವೆಯ ವರ್ಷಗಳಷ್ಟೇ ಹೋಗುತ್ತವೆ. ಅನುಬಂಧ ಕೆ ಎಂಬ ಕಾಗದದಲ್ಲಿ ಅವು ಬಂದಿವೆಯೇ ನೋಡಿದರೆ ಸಾಕು. ಕೆಲವು ದೊಡ್ಡ ಸಂಸ್ಥೆಗಳು ಭವಿಷ್ಯನಿಧಿಯನ್ನು ತಮ್ಮದೇ ಟ್ರಸ್ಟ್‌ನಲ್ಲಿ ಇಟ್ಟಿರುತ್ತವೆ. ಅಲ್ಲಿಯ ಹಣಕ್ಕೆ ಟ್ರಸ್ಟ್‌ನವರನ್ನು ಕೇಳಬೇಕು, ಪಿಂಚಣಿ ಭಾಗಕ್ಕೆ ಪಿಎಫ್ ಕಚೇರಿಯನ್ನು.

ಇಲ್ಲಿ ಆಗುವ ದೊಡ್ಡ ಅನಾಹುತ ಫಾರ್ಮ್ 10ಸಿ. ವಿಚ್ಛೇದನದ ಸಮಯದಲ್ಲಿ ವಕೀಲರ ಫೀ, ಮನೆ ಡಿಪಾಸಿಟ್ ಎಂದು ದುಡ್ಡಿನ ಅಡಚಣೆ ಇರುತ್ತದೆ. ಸೈಬರ್ ಅಂಗಡಿಯವರು ಫಾರ್ಮ್ 19ರ ಜೊತೆಗೆ 10ಸಿ ಕೂಡ ಹಾಕಿ ‘ಎಲ್ಲಾ ತೆಗೆಸಿ ಕೊಡ್ತೀವ್ರಿ’ ಎನ್ನುತ್ತಾರೆ. 19 ಎಂದರೆ ಭವಿಷ್ಯನಿಧಿಯ ಹಣ, ಅದನ್ನು ತೆಗೆದರೆ ಪಿಂಚಣಿಗೆ ಧಕ್ಕೆ ಇಲ್ಲ. 10ಸಿಯಲ್ಲಿ ಪಿಂಚಣಿ ಹಣ ತೆಗೆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಯಿತು, ಅದನ್ನು ಮರಳಿ ಕಟ್ಟಿ ಪಡೆಯುವ ದಾರಿ ಇಲ್ಲ. ಹತ್ತು ವರ್ಷ ತುಂಬಿರದೆ ಕೆಲಸ ಬಿಟ್ಟಿದ್ದರೆ ಅದೇ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಮುಂದೆ ಎಲ್ಲಿಯಾದರೂ ಕೆಲಸಕ್ಕೆ ಸೇರಿದರೆ ಆ ವರ್ಷಗಳು ಸೇರಿಕೊಳ್ಳುತ್ತವೆ. 58 ತುಂಬಿಯೂ ಒಟ್ಟು ಸೇವೆ ಹತ್ತು ಮುಟ್ಟಲಿಲ್ಲ ಎಂದಾದರೆ ಆಗ ಹಣ ತೆಗೆಯುವುದೊಂದೇ ದಾರಿ.

ಯಾವಾಗ ಅರ್ಜಿ ಹಾಕಬೇಕು

ಪೂರ್ಣ ಪಿಂಚಣಿ 58ಕ್ಕೆ. ಕೆಲಸ ಬಿಟ್ಟಿದ್ದರೆ 50 ತುಂಬಿದ ಮೇಲೆ ಯಾವಾಗ ಬೇಕಾದರೂ ಕೇಳಬಹುದು, 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇ. 4ರಂತೆ ಕಡಿತ. 60ರವರೆಗೆ ಕಾದರೆ ವರ್ಷಕ್ಕೆ ಶೇ. 4 ಹೆಚ್ಚು.

ಬೇಗ ತೆಗೆದರೆ ನಷ್ಟ ಎಂದು ಎಲ್ಲರೂ ಹೇಳುತ್ತಾರೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಮೇಲಿನ ₹2,271ರ ಪಿಂಚಣಿಯನ್ನು 55ಕ್ಕೇ ಕೇಳಿದರೆ ಸುಮಾರು ₹2,000 ಬರುತ್ತದೆ. 58 ತುಂಬುವಷ್ಟರಲ್ಲಿ 36 ತಿಂಗಳಿಗೆ ₹72,000 ಕೈಸೇರಿರುತ್ತದೆ. ಆಮೇಲೆ ತಿಂಗಳಿಗೆ ₹271 ಕಡಿಮೆ. ಆ ಕಡಿಮೆ ಮೊತ್ತ ₹72,000 ಆಗಲು 22 ವರ್ಷ ಬೇಕು, ಅಂದರೆ ಅವ್ವನಿಗೆ 80 ಆಗಬೇಕು. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ಇಂದಿನ ₹2,000ಕ್ಕಿರುವ ಬೆಲೆ ಇಪ್ಪತ್ತು ವರ್ಷ ಬಿಟ್ಟು ಇರುವುದಿಲ್ಲ. ಆದ್ದರಿಂದ ಬೇರೆ ಆದಾಯ ಇಲ್ಲದ, ಮತ್ತೆ ಕೆಲಸಕ್ಕೆ ಹೋಗುವ ಸ್ಥಿತಿಯಲ್ಲಿಲ್ಲದ ತಾಯಿಗೆ ಬೇಗ ಕೇಳುವುದೇ ವಾಸಿ. ಕೆಲಸ ಮಾಡುತ್ತಿದ್ದರೆ ಬೇಡ. ದುಡಿದ ಪ್ರತಿ ವರ್ಷವೂ ಲೆಕ್ಕಕ್ಕೆ ಸೇರುತ್ತದೆ, 58ಕ್ಕೆ ನಿವೃತ್ತರಾಗುವಾಗ 20 ವರ್ಷ ಮುಟ್ಟಿದ್ದರೆ ಎರಡು ವರ್ಷ ಹೆಚ್ಚುವರಿಯಾಗಿ ಕೊಡುತ್ತಾರೆ. ಕನಿಷ್ಠ ಪಿಂಚಣಿ 2014ರಿಂದ ₹1,000.

ಅರ್ಜಿಯ ಹೆಸರು 10ಡಿ. ಕಾಗದದಲ್ಲಿ ಕೊಡುವುದಾದರೆ ಗಂಡ-ಹೆಂಡತಿ ಇಬ್ಬರೂ ಇರುವ ಜಂಟಿ ಫೋಟೊ ಕೇಳುತ್ತದೆ, ಕುಟುಂಬದ ವಿವರದಲ್ಲಿ ಗಂಡನ ಹೆಸರಿಗೆ ಸಾಲೂ ಇದೆ. ಆ ಸಾಲು ಖಾಲಿ ಬಿಟ್ಟರೆ ‘ಗಂಡನ ಹೆಸರು ಯಾಕ ಬರದಿಲ್ಲ್ರಿ ಅಕ್ಕಾರ?’ ಎಂದು ಅರ್ಜಿ ಅಲ್ಲೇ ವಾಪಸ್ ಬರುತ್ತದೆ. ಮಾಜಿ ಗಂಡನ ಹೆಸರು ಬರೆದರೆ ಪಿಂಚಣಿ ಆದೇಶದಲ್ಲಿ ಅವರೇ ಪತಿಯಾಗಿ ಕೂರುತ್ತಾರೆ. ‘ವಿಚ್ಛೇದಿತೆ’ ಎಂದು ಬರೆದು, ಪ್ರಕರಣ ಸಂಖ್ಯೆ, ಡಿಕ್ರಿಯ ದಿನಾಂಕ ನಮೂದಿಸಿ, ಒಂಟಿ ಫೋಟೊ ಅಂಟಿಸಿ, ಡಿಕ್ರಿಯ ಪ್ರತಿ ಜೋಡಿಸಿ. 25 ವರ್ಷದೊಳಗಿನ ಮಕ್ಕಳಿದ್ದರೆ ಅವರ ಹೆಸರು ತಪ್ಪದೆ ಬರೆಯಿರಿ, ತಾಯಿ ಇಲ್ಲವಾದರೆ ಅವರಿಗೆ ಹಕ್ಕು ಬರುತ್ತದೆ. ಗಂಡನೂ ಇಲ್ಲ, ಆ ವಯಸ್ಸಿನ ಮಕ್ಕಳೂ ಇಲ್ಲ ಎಂದಾದರೆ ಪಿಂಚಣಿಗೇ ಪ್ರತ್ಯೇಕ ನಾಮಿನಿಯನ್ನು ಹೆಸರಿಸಬಹುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

2025ರ ಜನವರಿಯಿಂದ ಇಪಿಎಸ್ ಪಿಂಚಣಿ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಸಿಗುತ್ತದೆ. ಅವ್ವ ಮುಧೋಳದಿಂದ ಮಗಳ ಮನೆಗೆ ಪುಣೆಗೆ ಹೋದರೂ ಪಿಂಚಣಿ ಆದೇಶ ವರ್ಗಾಯಿಸುವ ಗೋಜಿಲ್ಲ. ಅಡ್ಡಿ ಬಂದರೆ ಪ್ರತಿ ತಿಂಗಳ 27ರಂದು ಪಿಎಫ್‌ನವರು ಜಿಲ್ಲೆಗಳಲ್ಲಿ ನಡೆಸುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಕಾಗದಗಳ ಸಮೇತ ಹೋಗಿ, ಅಂದು ರಜೆ ಇದ್ದರೆ ಮರುದಿನದ ಕೆಲಸದ ದಿನ. ದೂರು ಬರೆಯಲು ಇಪಿಎಫ್‌ಐಜಿಎಂಎಸ್ ಜಾಲತಾಣ, ಫೋನಿಗೆ 14470.

ಸರ್ಕಾರಿ ನೌಕರಿಯಾಗಿದ್ದರೆ

ಅವ್ವ ಶಿಕ್ಷಕಿಯೋ ನರ್ಸೋ ಆಗಿದ್ದರೆ ದಾರಿ ಸರಳ. ರಾಜ್ಯ ಸರ್ಕಾರದ ಪಿಂಚಣಿ ಆದೇಶ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಬರುತ್ತದೆ. ನಿವೃತ್ತಿಗೆ ಮುನ್ನವೇ ಡಿಕ್ರಿಯ ಪ್ರತಿಯೊಂದಿಗೆ ಕಚೇರಿ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು, ಸೇವಾ ಪುಸ್ತಕದಲ್ಲಿ ಕುಟುಂಬದ ವಿವರ ತಿದ್ದಿಸಿ, ತಿದ್ದಿದ ಪುಟದ ನಕಲು ತೆಗೆದುಕೊಳ್ಳಿ. ನಿವೃತ್ತಿಯಾದ ಮೇಲೆ ವಿಚ್ಛೇದನವಾಗಿದ್ದರೆ ಕೊನೆಯ ಕಚೇರಿಯ ಮೂಲಕವೇ ತಿದ್ದುಪಡಿ ಕೇಳಬೇಕು. 2006ರ ಏಪ್ರಿಲ್ 1ರಿಂದ ಸೇರಿದವರು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿರುತ್ತಾರೆ, ಅಲ್ಲಿ ಪ್ರಾನ್ ಎಂಬ ಸಂಖ್ಯೆಯ ಖಾತೆಯ ನಾಮಿನಿ ಬೇರೆಯಾಗಿ ಬದಲಿಸಬೇಕು. ಸರ್ಕಾರಿ ಕೆಲಸಕ್ಕೆ ಸೇರುವ ಮೊದಲು ಖಾಸಗಿಯಲ್ಲಿ ಹತ್ತು ವರ್ಷ ಇಪಿಎಸ್ ಸೇವೆ ಇದ್ದರೆ ಎರಡೂ ಪಿಂಚಣಿ ಬರುತ್ತವೆ, ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ.

ನೀವು ನೋಡಿಕೊಳ್ಳುತ್ತಿರುವುದು ಅಪ್ಪನ ಪಿಂಚಣಿ ಎಂದಾದರೆ ಮುಖ್ಯ ಕೆಲಸ ಮಾಜಿ ಪತ್ನಿಯ ಹೆಸರು ತೆಗೆಸುವುದು. ಅಪ್ಪ ಮತ್ತೆ ಮದುವೆಯಾಗಿದ್ದರೆ ಆ ಮದುವೆ ಡಿಕ್ರಿಯ ನಂತರ, ಮೇಲ್ಮನವಿ ಅವಧಿ ಮುಗಿದ ಮೇಲೆ ಆಗಿದ್ದು ಎಂಬುದಕ್ಕೆ ನೋಂದಣಿ ಪ್ರಮಾಣಪತ್ರ ಬೇಕು. ತಾರೀಕು ಹಿಂದೆಮುಂದಾಗಿದ್ದರೆ ಮುಂದೊಂದು ದಿನ ಕುಟುಂಬ ಪಿಂಚಣಿಗೆ ಇಬ್ಬರು ಅರ್ಜಿ ಹಾಕಿ, ಇಬ್ಬರಿಗೂ ಸಿಗದೆ ಫೈಲು ವರ್ಷಗಟ್ಟಲೆ ಕೂರುತ್ತದೆ. ಕೇಂದ್ರದ ನಿಯಮದಲ್ಲಿ ವಿಚ್ಛೇದಿತ ಪತ್ನಿಗೆ ಕುಟುಂಬ ಪಿಂಚಣಿ ಇಲ್ಲ, ಅವಳ ಅರ್ಹ ಮಕ್ಕಳಿಗೆ ಮಾತ್ರ ಅವಳ ಪಾಲು ಸಲ್ಲುತ್ತದೆ. ಆದ್ದರಿಂದ ಮೊದಲ ಮದುವೆಯ ಮಕ್ಕಳ ಹೆಸರನ್ನು ಸಿಟ್ಟಿನಲ್ಲಿ ತೆಗೆಸಬೇಡಿ.

ಅಜ್ಜನ ಪಿಂಚಣಿ

ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಬೆಳಗಾವಿ ಸುತ್ತಮುತ್ತ ಮಾಜಿ ಸೈನಿಕರ ಮನೆಗಳು ಬಹಳ. ರೈಲ್ವೆ, ಅಂಚೆ ಇಲಾಖೆಯಿಂದ ನಿವೃತ್ತರಾದವರೂ ಇದ್ದಾರೆ. ಇಂಥವರ ವಿಚ್ಛೇದಿತ ಮಗಳಿಗೆ, ಅಂದರೆ ನಿಮ್ಮ ತಾಯಿಗೆ, ತನ್ನ ತಂದೆಯ ಕುಟುಂಬ ಪಿಂಚಣಿ ಸಿಗುವ ಅವಕಾಶವಿದೆ. ಅಜ್ಜ, ಅಜ್ಜಿ ಇಬ್ಬರೂ ತೀರಿಕೊಂಡಿರಬೇಕು, ಅವಳಿಗಿಂತ ಮೊದಲ ಹಕ್ಕಿರುವ 25ರೊಳಗಿನ ಅಥವಾ ಅಂಗವಿಕಲ ಮಕ್ಕಳು ಇರಬಾರದು, ಅವಳ ಆದಾಯ ಕನಿಷ್ಠ ಕುಟುಂಬ ಪಿಂಚಣಿಯಾದ ತಿಂಗಳಿಗೆ ₹9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ಮೀರಿರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ತಾರೀಕು: ವಿಚ್ಛೇದನ ಅಜ್ಜ ಅಥವಾ ಅಜ್ಜಿ ಬದುಕಿದ್ದಾಗ ಆಗಿರಬೇಕು, ಇಲ್ಲವೇ ಕನಿಷ್ಠ ಅರ್ಜಿಯಾದರೂ ಅವರಲ್ಲೊಬ್ಬರ ಜೀವಿತಾವಧಿಯಲ್ಲಿ ನ್ಯಾಯಾಲಯದಲ್ಲಿ ದಾಖಲಾಗಿರಬೇಕು. 2017ರ ಜುಲೈನ ಕೇಂದ್ರದ ಆದೇಶ ಈ ಎರಡನೆಯ ಸಡಿಲಿಕೆ ಕೊಟ್ಟಿದೆ. ಹಾಗಾಗಿ ಡಿಕ್ರಿಯ ಜೊತೆ ಮೂಲ ಅರ್ಜಿ ದಾಖಲಾದ ದಿನಾಂಕದ ನಕಲೂ ಬೇಕು. ಅಜ್ಜ ಇನ್ನೂ ಇದ್ದರೆ ಈಗಲೇ ಮಗಳ ಹೆಸರನ್ನು ಕುಟುಂಬದ ವಿವರದಲ್ಲಿ ಸೇರಿಸಲು ಅವರಿಂದ ಅರ್ಜಿ ಕೊಡಿಸಿ. ಸೈನಿಕರದ್ದಾದರೆ ಸ್ಪರ್ಶ್ ಜಾಲತಾಣದಲ್ಲಿ, ಗೊತ್ತಾಗದಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ.

ಯಾವ ಪಿಂಚಣಿಯೂ ಇಲ್ಲದಿದ್ದರೆ ಮನಸ್ವಿನಿ

ನಾಡಕಚೇರಿಯಲ್ಲಿ ಎಷ್ಟೋ ವಿಚ್ಛೇದಿತೆಯರು ವಿಧವಾ ವೇತನಕ್ಕೆ ಅರ್ಜಿ ಹಾಕಿ ತಿರಸ್ಕೃತರಾಗುತ್ತಾರೆ. ಅವರಿಗಿರುವುದು ಮನಸ್ವಿನಿ: 40ರಿಂದ 64 ವರ್ಷದ, ಬಡತನ ರೇಖೆಗಿಂತ ಕೆಳಗಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ತಿಂಗಳಿಗೆ ₹800. 65 ಆದ ಮೇಲೆ ಸಂಧ್ಯಾ ಸುರಕ್ಷಾ, ₹1,200. ಆಧಾರ್, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಪಡಿತರ ಚೀಟಿ, ಡಿಕ್ರಿ ಬೇಕು. ಬೇರೆ ಪಿಂಚಣಿ ಪಡೆಯುವವರು ಇದಕ್ಕೆ ಅರ್ಹರಲ್ಲ. ಇಪಿಎಸ್ ಬರುವುದನ್ನು ಮುಚ್ಚಿಟ್ಟು ಎರಡನ್ನೂ ಪಡೆದರೆ ಆಧಾರ್ ಮೂಲಕ ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಪಡಿತರ ಚೀಟಿ ಇನ್ನೂ ಮಾಜಿ ಗಂಡನ ಮನೆಯದ್ದೇ ಆಗಿದ್ದರೆ ಅದರಿಂದ ಹೆಸರು ತೆಗೆಸಿ ಪ್ರತ್ಯೇಕ ಮಾಡಿಸಿ. ಗೃಹಲಕ್ಷ್ಮಿಯ ₹2,000 ಕೂಡ ಆ ಚೀಟಿಯಲ್ಲಿ ಯಜಮಾನಿ ಯಾರು ಎಂಬುದರ ಮೇಲೇ ನಿಂತಿದೆ.

ಮಾಜಿ ಗಂಡನ ಪಿಂಚಣಿಯಲ್ಲಿ ಪಾಲು

ವಿಚ್ಛೇದನವಾದಾಗ ಗಂಡನ ಪಿಂಚಣಿಯನ್ನೇ ಎರಡು ಭಾಗ ಮಾಡಿ ಕೊಡುವ ಕಾನೂನು ನಮ್ಮಲ್ಲಿಲ್ಲ. ಇರುವುದು ಜೀವನಾಂಶ: ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ, ಅಥವಾ ಹಳೆಯ ಸಿಆರ್‌ಪಿಸಿ 125ರ ಜಾಗದಲ್ಲಿ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಅವರ ಪಿಂಚಣಿ ಎಷ್ಟು ಎಂಬುದು ಮೊತ್ತ ನಿಗದಿಗೆ ಆಧಾರವಾಗುತ್ತದೆ, ಅಷ್ಟೇ. ಪ್ರಕರಣ ಇನ್ನೂ ನಡೆಯುತ್ತಿದ್ದರೆ ಒಂದು ಮಾತು: ತಿಂಗಳ ಜೀವನಾಂಶ ಅವರ ಉಸಿರಿರುವವರೆಗಿನ ಮಾತು, ಆಮೇಲೆ ಕುಟುಂಬ ಪಿಂಚಣಿಯೂ ಇಲ್ಲ. ಆದ್ದರಿಂದ ಒಂದೇ ಗಂಟಿನಲ್ಲಿ ಕೇಳಿ, ಅಥವಾ ಜಮೀನು, ಮನೆಯ ಮೇಲೆ ಹೊಣೆ ಕೂರಿಸುವಂತೆ 25ನೇ ಕಲಮಿನಡಿಯೇ ವಕೀಲರಿಂದ ಕೇಳಿಸಿ.

ನಾಮಿನಿ ಮತ್ತು ಜೀವಂತ ಪ್ರಮಾಣಪತ್ರ

ಡಿಕ್ರಿ ಬಂದ ಮಾತ್ರಕ್ಕೆ ಯಾವ ಕಂಪ್ಯೂಟರಿನಲ್ಲೂ ನಾಮಿನಿ ತಾನಾಗಿ ಬದಲಾಗುವುದಿಲ್ಲ. ಭವಿಷ್ಯನಿಧಿಯ ಇ-ನಾಮಿನೇಷನ್, ಗ್ರಾಚ್ಯುಟಿ, ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿ, ಎಲ್‌ಐಸಿ, ಬ್ಯಾಂಕಿನ ಠೇವಣಿ, ಒಂದೊಂದಕ್ಕೂ ಬೇರೆ ಬೇರೆ ಅರ್ಜಿ. ಅಟಲ್ ಪಿಂಚಣಿ ಕಟ್ಟುತ್ತಿದ್ದರೆ ಅಲ್ಲಿ ವಿವಾಹಿತರಿಗೆ ಸಂಗಾತಿಯೇ ನಾಮಿನಿ. ಬ್ಯಾಂಕಿಗೆ ಡಿಕ್ರಿ ಕೊಟ್ಟು ತೆಗೆಸದಿದ್ದರೆ ಅವ್ವನ ನಂತರ ಆ ಪಿಂಚಣಿ ಮಾಜಿ ಗಂಡನ ಕಡೆಗೇ ಹೊರಳುತ್ತದೆ.

ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ. ಸರ್ಕಾರಿ ಪಿಂಚಣಿಗೆ ನವೆಂಬರ್‌ನಲ್ಲಿ, ಇಪಿಎಸ್‌ಗೆ ವರ್ಷದ ಯಾವ ತಿಂಗಳಾದರೂ ಸರಿ, ಕೊಟ್ಟ ದಿನದಿಂದ 12 ತಿಂಗಳು ನಡೆಯುತ್ತದೆ. ಎರಡು ಪಿಂಚಣಿ ಇದ್ದರೆ ಎರಡು ಪ್ರಮಾಣಪತ್ರ, ಪ್ರತಿ ಪಿಂಚಣಿ ಆದೇಶ ಸಂಖ್ಯೆಗೂ ಒಂದೊಂದು. ಒಂದನ್ನು ಕೊಟ್ಟು ಮುಗಿಯಿತು ಎಂದುಕೊಂಡವರ ಇನ್ನೊಂದು ಪಿಂಚಣಿ ನಿಂತುಹೋಗುತ್ತದೆ. ಎರಡನ್ನೂ ನವೆಂಬರ್‌ನಲ್ಲೇ ಒಂದೇ ದಿನ ಮಾಡಿಸಿದರೆ ಮರೆಯುವುದಿಲ್ಲ. ಮಗ್ಗ, ಬೀಡಿ, ಹೊಲದ ಕೆಲಸ ಮಾಡಿ ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚು ಯಂತ್ರ ಒಪ್ಪುವುದಿಲ್ಲ. ಫೋನಿನಲ್ಲಿ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಆ್ಯಪ್ ಎರಡನ್ನೂ ಹಾಕಿಕೊಂಡು ಮುಖ ತೋರಿಸಿ ಮಾಡಿ. ಬೆಳಕು ಮುಖದ ಮೇಲೆ ಬೀಳುವಂತೆ ಬಾಗಿಲ ಕಡೆಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ. ಆಗದಿದ್ದರೆ ಅಂಚೆ ಪಾವತಿ ಬ್ಯಾಂಕಿನ ಪೋಸ್ಟ್‌ಮನ್ ಮನೆಗೆ ಬಂದು ಮಾಡಿಕೊಡುತ್ತಾರೆ. ಕೊನೆಗೆ ಬರುವ ಪ್ರಮಾಣ್ ಐಡಿಯನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ತಾರೀಕಿನ ಸಮೇತ ಬರೆದಿಡಿ. ಪಿಂಚಣಿ ತಡವಾದಾಗ ಬ್ಯಾಂಕಿನಲ್ಲಿ ಮೊದಲು ಕೇಳುವುದು ಆ ಸಂಖ್ಯೆಯನ್ನೇ.